ಬುಡ ನೋಡುವವರು

ಬಟ್ಟಲೊಂದನ್ನು ಕೈಗೆ ಕೊಟ್ಟರೆ ಕೆಲವರು ಒಳಗೇನಿದೆ ಎಂದು ಇಣುಕುತ್ತಾರೆ, ಕೆಲವರು ಅಂಚು ಒಡೆದಿದೆಯೇ ಎಂದು ಬೆರಳಾಡಿಸುತ್ತಾರೆ. ಇವೆರಡನ್ನೂ ಬಿಟ್ಟು ನೇರವಾಗಿ ಅದನ್ನು ತಲೆಕೆಳಗು ಮಾಡುವ ಮೂರನೆಯ ಬಗೆಯವರೂ ಇದ್ದಾರೆ. ಸ್ಟುಡಿಯೊ ಕುಂಬಾರಿಕೆಯ ಹುಚ್ಚು ಹತ್ತಿದವರು ಇವರು. ನಾನೂ ಆ ಗುಂಪಿನ ಹಿಂಬದಿಯ ಸಾಲಿನಲ್ಲಿದ್ದೇನೆ. ಕೊಳ್ಳುವ ಕೈ ಚಿಕ್ಕದು, ನೋಡುವ ಕಣ್ಣು ದೊಡ್ಡದು. ಕಾಫಿ ತುಂಬಿದ ಕಪ್ಪನ್ನು ಹಣೆಯ ಮಟ್ಟಕ್ಕೆ ಎತ್ತಿ ಕೆಳಗಿನಿಂದ ದಿಟ್ಟಿಸುವ ಅತಿಥಿಯನ್ನು ಕಂಡು, ಇರುವೆಯೇನಾದರೂ ಹರಿಯಿತೇ ಎಂದು ಗಾಬರಿಯಾಗದ ಮನೆಯವರು ಕಡಿಮೆ.

ಹುಡುಕುವುದು ಉಗುರಿಗಿಂತ ಚಿಕ್ಕದಾದ ಒಂದು ಗುರುತನ್ನು. ಮಣ್ಣು ಹಸಿಯಿರುವಾಗ ಒತ್ತಿದ ಮುದ್ರೆ, ಕಡ್ಡಿಯಿಂದ ಗೀರಿದ ಅಕ್ಷರ, ಕುಂಚದಲ್ಲಿ ಎಳೆದ ಎರಡು ಗೆರೆ, ಯಾವುದಾದರೂ ಸರಿ. ಮಣ್ಣು ಹದ ಮಾಡುವುದರಿಂದ ಸುಡುವವರೆಗೆ ಎಲ್ಲವನ್ನೂ ತಾನೇ ನೋಡಿಕೊಂಡವರು, ಇದು ನನ್ನದು ಎಂದು ಹೇಳಿಕೊಳ್ಳುವುದು ಇಷ್ಟರಲ್ಲೇ. ಎಷ್ಟೋ ಸಲ ಅದೂ ಕಾಣುವುದಿಲ್ಲ. ಮೇಲೆ ಬಳಿದ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಕುಲುಮೆಯಲ್ಲಿ ಕರಗಿ ಇಳಿದು ಮುದ್ರೆಯ ಗುಂಡಿಯನ್ನೇ ತುಂಬಿಬಿಟ್ಟಿರುತ್ತದೆ. ಆಗ ಟಾರ್ಚನ್ನು ಓರೆಯಾಗಿ ಹಿಡಿಯಬೇಕು, ಇಲ್ಲವೇ ತೆಳುವಾದ ಕಾಗದ ಹಾಸಿ ಪೆನ್ಸಿಲ್ ಉಜ್ಜಬೇಕು. ಕಾಗದದ ಮೇಲೆ ಮೊದಲು ಒಂದು ಚೌಕ, ಅದರೊಳಗೆ ಒಂದು ಕೊಂಕು ಮೂಡುತ್ತದೆ. ಅದು ಅಕ್ಷರವೋ ಮೀನೋ ಎಂಬ ಚರ್ಚೆಯಲ್ಲಿ ಒಂದು ಸಂಜೆ ಸುಖವಾಗಿ ಕಳೆಯುತ್ತದೆ.

ಈ ವಿದ್ಯೆಯ ಒಂದನೆಯ ತರಗತಿಯ ಪಾಠ ಬರ್ನಾರ್ಡ್ ಲೀಚ್. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ಜಪಾನಿನಲ್ಲಿ ಕುಂಬಾರಿಕೆ ಕಲಿತ ಈತ 1920ರಲ್ಲಿ ಗೆಳೆಯ ಶೋಜಿ ಹಮಾದಾನನ್ನು ಕರೆದುಕೊಂಡು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್ ಎಂಬ ಊರಿನಲ್ಲಿ ಕುಲುಮೆ ಹೂಡಿದ. ಅಲ್ಲಿನ ಮುದ್ರೆ ಸುಲಭ: ಊರಿನ ಹೆಸರಿನ 'ಎಸ್' ಮತ್ತು 'ಐ' ಒಂದರ ಮೇಲೊಂದು ಹಾಯ್ದಿರುತ್ತವೆ, ಜೊತೆಗೆ ಎರಡು ಚುಕ್ಕೆ. ಅದನ್ನು ಕಂಡ ಕೂಡಲೇ ಲೀಚ್ ಸಿಕ್ಕಿದ ಎಂದು ಕುಣಿಯುವವರುಂಟು. ಅಷ್ಟು ಅವಸರ ಬೇಡ. ಅದು ಕಾರ್ಯಾಗಾರದ ಮುದ್ರೆ. ಅಲ್ಲಿ ದಿನಬಳಕೆಗೆಂದು ರಾಶಿರಾಶಿಯಾಗಿ ಮಾಡಿದ ಬಟ್ಟಲು, ಹೂಜಿ, ಮುಚ್ಚಳದ ಪಾತ್ರೆಗಳನ್ನು ತಿಗರಿಯ ಮೇಲೆ ಎತ್ತಿದವರು ಶಿಷ್ಯರು ಮತ್ತು ಕೆಲಸಗಾರರು. ಲೀಚ್ ತಾನೇ ಮಾಡಿದ್ದರ ಮೇಲೆ 'ಬಿ ಎಲ್' ಎಂಬ ಗುರುತೂ ಸಾಮಾನ್ಯವಾಗಿ ಇರುತ್ತದೆ. ಆ ಎರಡು ಅಕ್ಷರಗಳಿದ್ದರೆ ಬೆಲೆಯ ಮಾತೇ ಬೇರೆ. ಹಾಗೆಂದು ಆ ಹೂಜಿಯಿಂದ ಹಾಲು ಬೇರೆ ರೀತಿಯಲ್ಲೇನೂ ಸುರಿಯುವುದಿಲ್ಲ.

ನನಗೆ ಇಷ್ಟವಾದ ಮುದ್ರೆ ಬೇರೆಯದು. ಲೂಸಿ ರೀ ಎಂಬ ಕುಂಬಾರ ಕಲಾವಿದೆ ವಿಯೆನ್ನಾದಲ್ಲಿದ್ದಾಗ ತನ್ನ ಹೆಸರಿನ ಮೂರು ಅಕ್ಷರ, ಜೊತೆಗೆ ಊರಿನ ಹೆಸರನ್ನು ಕುಂಚದಲ್ಲಿ ಬರೆಯುತ್ತಿದ್ದಳು. ಯಹೂದಿಯಾದ ಅವಳು 1938ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಮೇಲೆ ಊರು ಅಳಿಸಿಹೋಯಿತು. ಉಳಿದದ್ದು ಚೌಕದೊಳಗಿನ 'ಎಲ್ ಆರ್' ಮಾತ್ರ. ಯುದ್ಧಕಾಲದಲ್ಲಿ ಹೊಟ್ಟೆಪಾಡಿಗೆ ಬಟ್ಟೆಗಳಿಗೆ ಮಣ್ಣಿನ ಗುಂಡಿ ಮಾಡಿದಳು. 1946ರಲ್ಲಿ ಆ ಗುಂಡಿಯ ಕೆಲಸಕ್ಕೆಂದು ಬಂದವನು ಕುಂಬಾರಿಕೆಯ ಗಂಧಗಾಳಿ ಇಲ್ಲದ ಹಾನ್ಸ್ ಕೋಪರ್, ಅವನೂ ನಿರಾಶ್ರಿತನೇ. ಮುಂದೆ ಇಬ್ಬರೂ ಸೇರಿ ಮಾಡಿದ ಕಪ್ಪು, ಸಾಸರ್, ಬಟ್ಟಲುಗಳ ಬುಡದಲ್ಲಿ ಅವಳ ಮುದ್ರೆಯ ಪಕ್ಕದಲ್ಲಿ ಅವನ 'ಎಚ್ ಸಿ' ಕೂತಿತು. ಸಹಾಯಕನ ಹೆಸರನ್ನು ತನ್ನ ಹೆಸರಿನ ಸಮಕ್ಕೆ ಒತ್ತಲು ಬಿಡುವ ಯಜಮಾನಿಕೆ ಎಲ್ಲ ಕಸುಬಿನಲ್ಲೂ ಸಿಗುವಂಥದ್ದಲ್ಲ. ಆ ಎರಡು ಪುಟ್ಟ ಚೌಕಗಳ ಚಿತ್ರವನ್ನು ನೋಡಿದಾಗಲೆಲ್ಲ ಬಟ್ಟಲು ಯಾವ ಬಣ್ಣದ್ದೆಂಬುದು ನನಗೆ ಮರೆತುಹೋಗುತ್ತದೆ.

ಹಮಾದಾ ಕಥೆ ಇದಕ್ಕೆ ತಿರುಗುಮುರುಗು. ಸೇಂಟ್ ಐವ್ಸ್‌ನಲ್ಲಿದ್ದಷ್ಟು ಕಾಲ ಮುದ್ರೆ ಒತ್ತುತ್ತಿದ್ದವನು ಜಪಾನಿಗೆ ಮರಳಿ ಮಾಶಿಕೊ ಎಂಬ ಕುಂಬಾರರ ಊರು ಸೇರಿದ ಮೇಲೆ ಅದನ್ನು ಕೈಬಿಟ್ಟ. ತನ್ನ ಕೆಟ್ಟ ಮಡಕೆಗಳನ್ನು ಮುಂದಿನವರು ಬೇರೆಯವರ ಲೆಕ್ಕಕ್ಕೆ ಹಾಕುತ್ತಾರೆ, ಬೇರೆಯವರ ಒಳ್ಳೆಯವು ತನ್ನ ಲೆಕ್ಕಕ್ಕೆ ಬರುತ್ತವೆ ಎಂಬರ್ಥದ ಮಾತು ಅವನ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಆದರೆ ಸಂಗ್ರಹಕಾರರು ಬಿಡಬೇಕಲ್ಲ! ಮಡಕೆಯ ಮೇಲೆ ಹೆಸರಿಲ್ಲದಿದ್ದರೇನು, ಅದನ್ನು ಇಡುವ ಮರದ ಪೆಟ್ಟಿಗೆಯ ಮೇಲೆ ಅವನ ಕೈಬರಹ ಬೇಕು. ಪೆಟ್ಟಿಗೆ ಕಳೆದುಕೊಂಡ ಹಮಾದಾ ಬಟ್ಟಲು ಪತ್ರವಿಲ್ಲದ ನಿವೇಶನವಿದ್ದಂತೆ: ಮಣ್ಣು ಅದೇ, ಬೆಲೆ ಮಾತ್ರ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಮುದ್ರೆಯನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಇಂಗ್ಲೆಂಡಿನಲ್ಲೇ ಉದಾಹರಣೆಯಿದೆ. 1980ರ ದಶಕದ ಆರಂಭದಲ್ಲಿ ಹೆಸರಾಂತ ಹರಾಜು ಮನೆಗಳಿಗೆ ಲೀಚ್ ಮಡಕೆಗಳು ಬರತೊಡಗಿದವು. ತಜ್ಞರು ತಿರುಗಿಸಿ ನೋಡಿದರು, ಮುದ್ರೆಯಿತ್ತು, ಮಾರಾಟವೂ ಆಯಿತು. ಕೊನೆಗೆ ಪತ್ತೆಯಾದ ಮೂಲ ಫೆದರ್‌ಸ್ಟೋನ್ ಸೆರೆಮನೆ. ಕೈದಿಗಳ ಮನಃಪರಿವರ್ತನೆಗೆಂದು ನಡೆಸುತ್ತಿದ್ದ ಕುಂಬಾರಿಕೆ ತರಗತಿಯಲ್ಲಿ ಅವರು ಕುಂಬಾರಿಕೆಯನ್ನಂತೂ ಶ್ರದ್ಧೆಯಿಂದ ಕಲಿತಿದ್ದರು. ಅಷ್ಟಕ್ಕೂ ಇಡೀ ಮಡಕೆಯಲ್ಲಿ ನಕಲು ಮಾಡಲು ಅತ್ಯಂತ ಸುಲಭವಾದದ್ದು ಮುದ್ರೆಯೇ. ಬೆರಳುದ್ದದ ಮಣ್ಣಿನ ತುಂಡನ್ನು ಕೆತ್ತಿ ಸುಟ್ಟರೆ ಮುಗಿಯಿತು.

ಹಾಗಾಗಿ ಪಳಗಿದವರು ಮುದ್ರೆಯ ಸುತ್ತಲಿನದನ್ನು ನೋಡುತ್ತಾರೆ. ತಿಗರಿಯಿಂದ ಮಡಕೆಯನ್ನು ದಾರ ಹಾಕಿ ಬಿಡಿಸುವಾಗ ಬುಡದಲ್ಲಿ ಶಂಖದಂಥ ಸುಳಿಯೊಂದು ಉಳಿಯುವುದುಂಟು. ಜಪಾನಿನ ತಿಗರಿ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಇಂಗ್ಲೆಂಡಿನದು ಅದಕ್ಕೆ ಎದುರಾಗಿ ತಿರುಗುವುದರಿಂದ ಆ ಸುಳಿಯೇ ಸಾಕ್ಷಿ ಹೇಳುತ್ತದೆ. ಗ್ಲೇಜ್‌ನಲ್ಲಿ ಅದ್ದುವಾಗ ಹಿಡಿದಿದ್ದ ಬೆರಳುಗಳ ಜಾಗ ಬೋಳಾಗಿ ಉಳಿದಿರುತ್ತದೆ. ಮಡಕೆ ಊರಿ ನಿಲ್ಲುವ ಬುಡದ ಉಂಗುರವನ್ನು, ಅಂದರೆ ಪಾದದ ಬಳೆಯನ್ನು, ಒಬ್ಬರು ಚೂಪಾಗಿ ಕೆರೆದರೆ ಇನ್ನೊಬ್ಬರು ಉರುಟಾಗಿ ಬಿಡುತ್ತಾರೆ. ಇವನ್ನು ಮುದ್ರೆಯಷ್ಟು ಸಲೀಸಾಗಿ ಕದಿಯಲು ಬರುವುದಿಲ್ಲ.

ನಮ್ಮಲ್ಲಿ ಮಡಕೆಗೆ ಹೆಸರು ಹಾಕುವ ರೂಢಿ ಇದ್ದಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಸಿಕ್ಕ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳ ಮೇಲೆ ಗೀಚಿದ ಗುರುತುಗಳಿವೆ ನಿಜ. ಅವು ಮಾಡಿದವನವೋ, ಇಟ್ಟುಕೊಂಡವನವೋ ಎಂಬ ವಾದ ಮುಗಿದಿಲ್ಲ. ಇಂದಿನ ಅಡುಗೆಮನೆಯಲ್ಲಿ ಮಾತ್ರ ಅಂಥ ವಾದಕ್ಕೆ ಎಡೆಯಿಲ್ಲ. ಸ್ಟೀಲ್ ಪಾತ್ರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿಸುವುದು ಗೃಹಪ್ರವೇಶಕ್ಕೆ ಕೊಟ್ಟ ಸೋದರಮಾವನ ಹೆಸರು ಮತ್ತು ತಾರೀಖನ್ನು. ಮಾಡಿದವರು ಯಾರೆಂದು ಕೇಳಿದವರಿಲ್ಲ. 12ನೆಯ ಶತಮಾನದಲ್ಲಿ ಕುಂಬಾರ ಗುಂಡಯ್ಯನ ಹೆಂಡತಿ ಕೇತಲದೇವಿ ಹದಮಣ್ಣಿನ ಮಾತೆತ್ತಿ ವಚನ ಕಟ್ಟಿದಳು, ಕೊನೆಗೆ ಕುಂಭೇಶ್ವರನ ಅಂಕಿತ ಹಾಕಿದಳು. ಆ ವಚನ ಅವಳದೆಂದು ಇಂದಿಗೂ ಗೊತ್ತು. ಆ ಮನೆಯ ತಿಗರಿಯಿಂದ ಇಳಿದ ಗಡಿಗೆಗಳದು ಯಾವ ಸುದ್ದಿಯೂ ಇಲ್ಲ.

ಈಗ ಬೆಂಗಳೂರಿನಲ್ಲೂ ವಾರಾಂತ್ಯದ ಕುಂಬಾರಿಕೆ ತರಗತಿಗಳು ನಡೆಯುತ್ತವೆ. ಬಟ್ಟಲು ನೆಟ್ಟಗೆ ನಿಲ್ಲುವ ಮೊದಲೇ ಮುದ್ರೆ ಕೆತ್ತಿಕೊಳ್ಳುವ ಉತ್ಸಾಹಿಗಳು ಅಲ್ಲಿದ್ದಾರೆ, ತಪ್ಪೇನಿಲ್ಲ. ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡ ಅಕ್ಷರ ಕೆತ್ತಿದರೆ ನನಗೆ ಇನ್ನೂ ಖುಷಿ. ಬ್ರಿಟನ್ನಿನಲ್ಲಿ ಮುದ್ರೆ ಗುರುತಿಸಲೆಂದೇ ದಪ್ಪದಪ್ಪ ಕೈಪಿಡಿಗಳಿವೆ. ಅಕ್ಷರಗಳಿಗೊಂದು ವಿಭಾಗ, ಹಕ್ಕಿ, ಮೀನು, ಎಲೆಯಂಥ ಚಿತ್ರಗಳಿಗೆ ಇನ್ನೊಂದು. ನಮ್ಮ ಲಲಿತೆಯೋ ಲಕ್ಷ್ಮಣನೋ ಒತ್ತಿದ 'ಲ' ಎಂದಾದರೂ ಅಂಥ ಕೈಪಿಡಿ ಸೇರಿದರೆ ಅಕ್ಷರಗಳ ಪುಟದಲ್ಲಿ ಹುಡುಕಬೇಡಿ. ಬಸವನಹುಳುಗಳ ಪಕ್ಕದಲ್ಲಿ ನೋಡಿ.