ಗುಡ್ಡ ಸೇರಿದ ಹಾಡುಗಳು

ಮತ್ತೊಂದು ಹಾಡು ಮೊದಲ ವಾರದಲ್ಲೇ ದಾಖಲೆಗಳನ್ನು ಧೂಳೀಪಟ ಮಾಡಿತಂತೆ. ಯಾವ ಹಾಡು ಅಂತ ಕೇಳಬೇಡಿ. ಸುದ್ದಿ ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ, ಹಾಡನ್ನು ಇಬ್ಬರೂ ಕೇಳಿಲ್ಲ. ಕೇಳಿ ಅಂತ ಸುದ್ದಿ ಬರೆದವರೂ ಹೇಳಲಿಲ್ಲ. ರಾಗ ಹೇಗಿದೆ, ಸಾಹಿತ್ಯ ಹೇಗಿದೆ ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಎಷ್ಟು ಪ್ರತಿ, ಎಷ್ಟು ಗಂಟೆಯಲ್ಲಿ, ಹಿಂದಿನ ದಾಖಲೆ ಯಾರದು, ಅಷ್ಟೇ. ಹಾಡಿನ ಸುದ್ದಿಯೋ ಮತ ಎಣಿಕೆಯ ಸುದ್ದಿಯೋ ಗೊತ್ತಾಗಲು ಮತ್ತೊಮ್ಮೆ ಶೀರ್ಷಿಕೆ ಓದಬೇಕಾಯಿತು.

ಈ ರೋಗದ ಬೇರು ಹುಡುಕಿದರೆ ಸಿಗುವುದು ಒಂದು ಟೆಲಿಫೋನು. 1952ರ ನವೆಂಬರ್‌ನಲ್ಲಿ ಬ್ರಿಟನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವ ರೆಕಾರ್ಡು ಹೆಚ್ಚು ಹೋಯಿತೆಂದು ವಿಚಾರಿಸಿ ಒಂದು ಪಟ್ಟಿ ಮಾಡಿದ. ಸಂಗೀತ ಸೇವೆಗಲ್ಲ, ರೆಕಾರ್ಡ್ ಕಂಪನಿಗಳ ಜಾಹೀರಾತು ಬರಲೆಂದು. ಪಟ್ಟಿಯ ಹೆಸರು 'ಟಾಪ್ 12'. ಅದರಲ್ಲಿದ್ದ ಹಾಡುಗಳು 15! ಕೆಲವು ಸರಿಸಮ ಬಂದವಂತೆ, ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲವಂತೆ. ಹುಟ್ಟಿದ ದಿನವೇ ಲೆಕ್ಕ ತಪ್ಪಿದ ಕೂಸು. ಮುಂದೆ ಎಪ್ಪತ್ತು ವರ್ಷ ಅದು ಏನೇನು ಆಟ ಆಡಿದೆಯೋ ಅದಕ್ಕೆಲ್ಲ ಜಾತಕದಲ್ಲೇ ಬರೆದಿತ್ತು ಬಿಡಿ. ಆದರೂ ಆ ಕಾಲದ ಬಗ್ಗೆ ನನಗೆ ಒಂಚೂರು ಗೌರವವಿದೆ. ಕೊಂಡವನು ರೆಕಾರ್ಡನ್ನು ಮನೆಗೆ ಒಯ್ದು ಕೇಳುತ್ತಾನೆ ಎಂಬ ನಂಬಿಕೆಯಾದರೂ ಇತ್ತು.

1997ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತೀರಿಕೊಂಡ ಎರಡು ವಾರಕ್ಕೆ ಗಾಯಕ ಎಲ್ಟನ್ ಜಾನ್, ನಟಿ ಮರ್ಲಿನ್ ಮನ್ರೋ ಬಗೆಗಿದ್ದ ತನ್ನ 1973ರ ಹಾಡಿನ ಸಾಲುಗಳನ್ನು ಬದಲಿಸಿ 'ಕ್ಯಾಂಡಲ್ ಇನ್ ದ ವಿಂಡ್ 1997' ಬಿಟ್ಟ. ಬ್ರಿಟನ್ನಿನಲ್ಲಿ ಮೊದಲ ದಿನವೇ 6,58,000 ಪ್ರತಿ, ವಾರದಲ್ಲಿ 15 ಲಕ್ಷಕ್ಕೂ ಹೆಚ್ಚು. ಅಮೆರಿಕದಲ್ಲಿ ಮೊದಲ ವಾರ ಸುಮಾರು 34 ಲಕ್ಷ. ಹಣ ಡಯಾನಾ ಹೆಸರಿನ ನಿಧಿಗೆ ಹೋಯಿತು. ಇದನ್ನು ಅಣಕಿಸುವ ಮನಸ್ಸಿಲ್ಲ. ಊರೇ ಅಳುತ್ತಿತ್ತು, ಅಳುವವರು ಏನನ್ನಾದರೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಒಂದು ಪ್ರತಿ ಕೊಂಡವನ ಸಂಕಟ ನನಗೆ ಅರ್ಥವಾಗುತ್ತದೆ. ಎರಡನೆಯದನ್ನು ಕೊಳ್ಳುವವನು ಅಳುತ್ತಿಲ್ಲ, ಎಣಿಸುತ್ತಿದ್ದಾನೆ.

ಎಣಿಸುವುದನ್ನು ಕಲಿಯಬೇಕಾದರೆ ಜಪಾನಿಗೆ ಹೋಗಬೇಕು. ಹಾಡುಗಳ ಮಾರಾಟ ಎಣಿಸುವ ಅಲ್ಲಿನ ಒರಿಕಾನ್ ಪಟ್ಟಿಯಲ್ಲಿ 1996ರಲ್ಲಿ ಮಿಸ್ಟರ್ ಚಿಲ್ಡ್ರನ್ ತಂಡದ ಒಂದು ಹಾಡು ಮೊದಲ ವಾರ 12 ಲಕ್ಷ ದಾಟಿತ್ತು. ಹದಿನೈದು ವರ್ಷ ಅದರ ಹತ್ತಿರ ಯಾರೂ ಸುಳಿಯಲಿಲ್ಲ. 2011ರಲ್ಲಿ ಎಕೆಬಿ48 ಎಂಬ ಹುಡುಗಿಯರ ತಂಡ ಅದನ್ನು ಮುರಿಯಿತು, 2013ರಲ್ಲಿ 17 ಲಕ್ಷ 63 ಸಾವಿರಕ್ಕೆ ಏರಿಸಿತು. ಸಂಗೀತ ಅಷ್ಟು ಉದ್ಧಾರವಾಯಿತೇ? ಸಿಡಿಯ ಡಬ್ಬಿಯೊಳಗೆ ಓಟಿನ ಚೀಟಿ ಇತ್ತು ಸ್ವಾಮಿ! ತಂಡದಲ್ಲಿ ಯಾವ ಹುಡುಗಿ ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂದು ಅಭಿಮಾನಿಗಳು 2018ರವರೆಗೆ ಚುನಾವಣೆ ಮಾಡುತ್ತಿದ್ದರು. ಒಬ್ಬನಿಗೆ ಒಂದು ಓಟಲ್ಲ, ಒಂದು ಸಿಡಿಗೆ ಒಂದು ಓಟು. ಓಟಿಗಾಗಿ ದುಡ್ಡು ಹಂಚುವುದನ್ನು ಲೋಕ ಕಂಡಿದೆ. ಮತದಾರನೇ ದುಡ್ಡು ಕಟ್ಟಿ ಓಟು ಹಾಕಿ, ಗೆದ್ದವಳು ಅತ್ತರೆ ತಾನೂ ಅಳುವ ಪ್ರಜಾಪ್ರಭುತ್ವ ಇದೊಂದೇ. 2013ರಲ್ಲಿ ಗೆದ್ದ ಸಾಶಿಹಾರಾ ರಿನೋಗೆ ಬಿದ್ದ ಓಟು 1,50,570. ಇದಲ್ಲದೆ ಕೈ ಕುಲುಕುವ ಚೀಟಿಯೂ ಇತ್ತು. ಸಿಡಿ ಕೊಂಡರೆ ಇಷ್ಟದ ಹುಡುಗಿಯ ಕೈ ಕೆಲವೇ ಸೆಕೆಂಡು ನಿಮ್ಮ ಕೈಯಲ್ಲಿ, ಆಮೇಲೆ ಹಿಂದಿನವನು ತಳ್ಳುತ್ತಿದ್ದ.

ಇದೇ ತಂಡ 2010ರಿಂದ ಇನ್ನೊಂದು ಪಂದ್ಯವನ್ನೂ ಮಾಡಿತು. ಹುಡುಗಿಯರೆಲ್ಲ ವೇದಿಕೆ ಹತ್ತಿ ಕಲ್ಲು-ಕಾಗದ-ಕತ್ತರಿ ಆಡುವುದು, ಗೆದ್ದವರಿಗೆ ಹಾಡು. ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಈ ಇಡೀ ಉದ್ಯಮದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಆಯ್ಕೆ ಇದೇ ಇರಬೇಕು. ಕತ್ತರಿಗೆ ಕಲ್ಲು ಕಂಡರೆ ಆಯಿತು, ಜೇಬು ನೋಡುವುದಿಲ್ಲ.

2017ರಲ್ಲಿ ಫುಕುವೋಕಾ ಪ್ರಾಂತ್ಯದ ಗುಡ್ಡವೊಂದರಲ್ಲಿ ಈ ತಂಡದ 585 ಸಿಡಿಗಳು ಬಿದ್ದಿದ್ದವು. ಎಸೆದವನ ಮೇಲೆ ಕಸ ಸುರಿದ ಕೇಸು ಬಿತ್ತು. ಓಟಿನ ಚೀಟಿ ಕಿತ್ತುಕೊಂಡ ಮೇಲೆ ಅಷ್ಟು ಪ್ಲಾಸ್ಟಿಕ್ಕನ್ನು ಯಾರು ತಾನೇ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ? ಪೊಲೀಸರ ಲೆಕ್ಕದಲ್ಲಿ ಕಸ, ಪಟ್ಟಿಯ ಲೆಕ್ಕದಲ್ಲಿ ಮಾರಾಟ. ಅಷ್ಟೂ ಸಿಡಿಗಳಲ್ಲಿ ಒಂದನ್ನಾದರೂ ಆತ ಕೇಳಿದ್ದನೇ ಎಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಡೌನ್‌ಲೋಡ್ ಬಂದ ಮೇಲೆ ಗುಡ್ಡ ಹತ್ತುವ ಶ್ರಮವೂ ತಪ್ಪಿತು. ಕೊರಿಯಾದ ಬಿಟಿಎಸ್ ಹುಡುಗರ 'ಬಟರ್' 2021ರಲ್ಲಿ ಅಮೆರಿಕದಲ್ಲಿ ಮೊದಲ ವಾರ ಎರಡು ಲಕ್ಷ ನಲವತ್ತು ಸಾವಿರ ದಾಟಿತು. ಅಲ್ಲಿಗೆ ಮುಗಿಯಿತೇ? ಅದೇ ಹಾಡಿಗೆ ಹಾಟರ್, ಸ್ವೀಟರ್, ಕೂಲರ್ ಎಂಬ ರೀಮಿಕ್ಸುಗಳು ಬಂದವು. ಬೆಣ್ಣೆಯನ್ನು ಬಿಸಿ ಮಾಡಿದರೆ ತುಪ್ಪವಾಗಬೇಕು. ಇಲ್ಲಿ ಮತ್ತೆ ಬೆಣ್ಣೆಯೇ, ಬಿಲ್ಲು ಮಾತ್ರ ಬೇರೆ. ಒಟ್ಟು ಹತ್ತು ವಾರ ನಂಬರ್ ಒನ್. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜೇಬಿನಿಂದ ಕಾಸು ತೆಗೆಯುವುದು ಅಂದರೆ ಇದು.

ಹಾಡನ್ನು ಕೊಳ್ಳದೆ ಇಂಟರ್ನೆಟ್ಟಿನಲ್ಲೇ ಕೇಳುವ ಸ್ಟ್ರೀಮಿಂಗ್ ಬಂದಾಗ ನಾನೂ ಖುಷಿಪಟ್ಟಿದ್ದೆ, ಇನ್ನಾದರೂ ಕೊಂಡದ್ದನ್ನಲ್ಲ, ಕೇಳಿದ್ದನ್ನು ಎಣಿಸುತ್ತಾರೆ ಅಂತ. ಎಣಿಸಿದರು. 30 ಸೆಕೆಂಡು ಓಡಿದರೆ ಕೇಳಿದ ಹಾಗೆ. ಬ್ರಿಟನ್ನಿನಲ್ಲಿ 2018ರಿಂದ ದುಡ್ಡು ಕಟ್ಟಿದವರ 100 ಕೇಳುವಿಕೆ ಸೇರಿ ಒಂದು ಮಾರಾಟ, ಬಿಟ್ಟಿ ಕೇಳುವವರದಾದರೆ 600. ಅಂದರೆ ಬಡವನ ಕಿವಿ ಶ್ರೀಮಂತನ ಕಿವಿಯ ಆರನೇ ಒಂದು ಭಾಗ. ಇಷ್ಟು ಕರಾರುವಾಕ್ಕಾಗಿ ಯಾವ ಅರ್ಥಶಾಸ್ತ್ರಜ್ಞನೂ ಅಳೆದಿರಲಿಲ್ಲ.

ಈಗ ಅಭಿಮಾನಿಗಳ ನಡುವೆ ಸೂಚನೆಗಳ ಪಟ್ಟಿ ಓಡಾಡುತ್ತದೆ. ಒಂದೇ ಹಾಡನ್ನು ಸಾಲಾಗಿ ಹಾಕಬೇಡಿ, ಯಂತ್ರ ಅಂದುಕೊಂಡಾರು, ನಡುವೆ ಬೇರೆ ಹಾಡು ಸೇರಿಸಿ, ದನಿ ಪೂರ್ತಿ ಮುಚ್ಚಬೇಡಿ. ಪರೀಕ್ಷೆ ಇಟ್ಟುಕೊಂಡ ಹುಡುಗಿ ಮಧ್ಯರಾತ್ರಿ ಎದ್ದು ಫೋನು ಓಡುತ್ತಿದೆಯಾ ಎಂದು ನೋಡಿ ಮಲಗುತ್ತಾಳೆ. ಹಾಡು ಕೇಳುವುದಕ್ಕಲ್ಲ, ಪಾಳಿ ಮುಗಿಸುವುದಕ್ಕೆ. ವಾರದ ಕೊನೆಗೆ ಕಂಪನಿ 'ನಿಮ್ಮ ಪ್ರೀತಿಗೆ ಧನ್ಯವಾದ' ಎನ್ನುತ್ತದೆ. ಪ್ರೀತಿಯಂತೆ! ಮಾರಾಟ ವಿಭಾಗದ ಕೆಲಸವನ್ನು ಮಕ್ಕಳ ಕೈಲಿ ಬಿಟ್ಟಿ ಮಾಡಿಸಿಕೊಂಡು, ಅವರಿಂದಲೇ ದುಡ್ಡನ್ನೂ ವಸೂಲು ಮಾಡಿ, ಅದನ್ನು ಪ್ರೀತಿ ಅಂತ ಕರೆಯಲು ಎಮ್ಮೆ ಚರ್ಮ ಬೇಕು. ಸಾಕಾಗಿ ಹೋಗಿದೆ ನನಗೆ. ನಗಲು ಕೂತವನು ಬೈಯುತ್ತಿದ್ದೇನೆ, ಕ್ಷಮಿಸಿ.

ದಂಗೆ ಏಳಬಾರದಿತ್ತೇ ಅನ್ನುತ್ತೀರಿ. ಎದ್ದಿದ್ದರು. 2009ರ ಕ್ರಿಸ್‌ಮಸ್‌ಗೆ ಟಿವಿ ಸ್ಪರ್ಧೆಯ ವಿಜೇತನ ಹಾಡನ್ನು ಸೋಲಿಸಲೆಂದು ಬ್ರಿಟನ್ನಿನ ಜನ ಫೇಸ್‌ಬುಕ್‌ನಲ್ಲಿ ಒಟ್ಟಾಗಿ ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ 1992ರ ಹಾಡನ್ನು ಕೊಂಡರು. ಐದು ಲಕ್ಷ ಚಿಲ್ಲರೆ, ಎದುರಾಳಿಯದು ನಾಲ್ಕೂವರೆ ಲಕ್ಷ. ಕ್ರಾಂತಿ ಗೆದ್ದಿತು. ಎರಡೂ ಹಾಡುಗಳ ಹಿಂದಿದ್ದ ಕಂಪನಿ ಸೋನಿ. ಕ್ರಾಂತಿಯ ಗಲ್ಲಾಪೆಟ್ಟಿಗೆಯೂ ಅಲ್ಲೇ ಇತ್ತು.

ಒಂದೇ ಒಂದು ಸಲ ಈ ಯಂತ್ರ ತಬ್ಬಿಬ್ಬಾದದ್ದನ್ನು ಕಂಡಿದ್ದೇನೆ. 1985ರಲ್ಲಿ ಮೂರನೇ ಸ್ಥಾನಕ್ಕೆ ಬಂದು ನಿಂತಿದ್ದ ಗಾಯಕಿ ಕೇಟ್ ಬುಷ್ ಹಾಡು 'ರನ್ನಿಂಗ್ ಅಪ್ ದಟ್ ಹಿಲ್' (ಆ ಗುಡ್ಡದ ಮೇಲಕ್ಕೆ ಓಡುತ್ತಾ) ಒಂದು ಟಿವಿ ಸರಣಿಯಿಂದಾಗಿ 2022ರಲ್ಲಿ ಎದ್ದು ಕೂತಿತು. ಆ ವಾರ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಸ್ಟ್ರೀಮ್ ಆದ ಹಾಡು ಅದೇ. ಆದರೂ ಎರಡನೇ ಸ್ಥಾನ, ಯಾಕೆಂದರೆ ಹಳೆಯ ಹಾಡಿನ ಕೇಳುವಿಕೆಗೆ ಅರ್ಧ ಬೆಲೆ ಎಂಬ ನಿಯಮವಿದೆ. ಮುಂದಿನ ವಾರ ನಾಚಿಕೆಯಾಗಿ ವಿನಾಯಿತಿ ಕೊಟ್ಟರು, ಹಾಡು ಮೊದಲ ಸ್ಥಾನಕ್ಕೆ ಬಂತು. ಗುಡ್ಡ ಹತ್ತಲು ಅದಕ್ಕೆ 37 ವರ್ಷ ಹಿಡಿಯಿತು. ಇದರ 'ಮೊದಲ ವಾರ' ಯಾವುದೆಂದು ಹೇಳಲಿ ನೋಡೋಣ.

ಅಂದ ಹಾಗೆ, ಇಷ್ಟೆಲ್ಲ ಬರೆದ ಮೇಲೆ ಆ ದಾಖಲೆಯ ಹಾಡನ್ನು ಕೇಳದೆ ಇರುವುದು ಅನ್ಯಾಯ ಅನ್ನಿಸಿ ಹಾಕಿದೆ. ಪಲ್ಲವಿ ಇನ್ನೂ ಬಂದಿರಲಿಲ್ಲ, ಯಾರದೋ ಫೋನ್ ಬಂತು, ನಿಲ್ಲಿಸಿದೆ. ನೋಡಿದರೆ 31 ಸೆಕೆಂಡು ಆಗಿತ್ತು.