ಲಕ್ಷ್ಮಣಫಲ ಆಮೇಲೆ, ಮೊದಲು ಕವಳ ಉಗುಳಿ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ದಿನಕ್ಕೊಂದು ಕ್ಯಾನ್ಸರ್ ಮದ್ದು ಬರುತ್ತದೆ. ಅರಿಶಿನ, ಗೋಧಿಹುಲ್ಲಿನ ರಸ, ಲಕ್ಷ್ಮಣಫಲ. ಕಳಿಸುವವರಲ್ಲಿ ಅರ್ಧ ಜನ ಬಾಯಲ್ಲಿ ಕವಳ, ಅಂದರೆ ಎಲೆ ಅಡಿಕೆ, ಇಟ್ಟುಕೊಂಡೇ ಫಾರ್ವರ್ಡ್ ಒತ್ತಿರುತ್ತಾರೆ. ಮಲೆನಾಡಿನವರು ನಾವು, ಅಡಿಕೆ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

"ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ ಅಡಿಕೆ, ಏನೂ ಆಗಲ್ಲ" ಅನ್ನುವುದು ನಮ್ಮ ಕಡೆಯ ಖಾಯಂ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕೂಡ 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನಷ್ಟೇ ದೂರಿತ್ತು. 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. "ಆ ಪಟ್ಟಿಯಲ್ಲಿ ಬಿಸಿಲೂ ಇದೆ ಮಾರಾಯ" ಅನ್ನುತ್ತಾರೆ. ಇದೆ. ಪಟ್ಟಿ ಹೇಳುವುದು ಕ್ಯಾನ್ಸರ್ ತರುವುದು ಖಾತ್ರಿ ಅಂತ, ಎಷ್ಟು ಅಂತ ಅಲ್ಲ. ಎಷ್ಟು ಅಂತ ಬೇಕಾ? ಅದೇ ವಿಭಾಗದವರ ಅಂದಾಜಿನಂತೆ, 2022ರಲ್ಲಿ ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಜಗತ್ತಿನಲ್ಲಿ ಸುಮಾರು 1.2 ಲಕ್ಷ. ಅದರಲ್ಲಿ 83 ಸಾವಿರ ನಮ್ಮ ದೇಶದ್ದೇ.

ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೊದಲು ಖಾರ ತಿಂದರೆ ಉರಿ. ಸಾರಿಗೆ ಮೆಣಸು ಕಮ್ಮಿ ಹಾಕು ಎಂಬ ತಕರಾರು ಶುರುವಾಗುತ್ತದೆ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಂಡು ಹಲಗೆಯ ಹಾಗೆ ಬಿಗಿಯುತ್ತದೆ. ಬಾಯಿ ಪೂರ್ತಿ ತೆರೆಯುವುದಿಲ್ಲ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಎರಡು ವಾರವಾದರೂ ಮಾಯದ ಹುಣ್ಣಿದ್ದರೂ ಅಷ್ಟೆ, ನೋವಿಲ್ಲ ಅಂತ ಸುಮ್ನೆ ಬಿಡಬೇಡಿ. ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟ, ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ.

ಊಟ ಲೆಕ್ಕಕ್ಕಿಲ್ಲ ಅಂತಲ್ಲ. ಸೊಪ್ಪು, ಕಾಳು, ರಾಗಿಯ ನಾರು ದೊಡ್ಡ ಕರುಳಿಗೆ ಒಳ್ಳೆಯದು. ಬೊಜ್ಜು ಇಳಿಯಬೇಕು, ಬೀಡಿ ಸಿಗರೇಟು ಬಿಡಬೇಕು. ಮದ್ಯ 1988ರಿಂದಲೇ ಅದೇ ಪಟ್ಟಿಯಲ್ಲಿದೆ. ಇದೆಲ್ಲ ಎಲ್ಲರಿಗೂ ಗೊತ್ತು. ಲಕ್ಷ್ಮಣಫಲ ಮಾತ್ರ ಮನುಷ್ಯರಲ್ಲಿ ಕ್ಯಾನ್ಸರ್ ತಡೆದದ್ದಕ್ಕೆ ಪುರಾವೆಯೇ ಇಲ್ಲ. ಮೇಲಾಗಿ ಅದರಲ್ಲಿ ನರಗಳಿಗೆ ವಿಷವಾಗುವ ಅನೋನಾಸಿನ್ ಎಂಬ ಅಂಶವಿದೆ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಇದರ ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಕಂಡದ್ದರಿಂದ ವಿಜ್ಞಾನಿಗಳಿಗೆ ಅದರ ಮೇಲೆ ಅನುಮಾನ ಬಂತು.

ಇಷ್ಟು ಬರೆದದ್ದಕ್ಕೆ ಊರಲ್ಲಿ ಬೈಗುಳ ಗ್ಯಾರಂಟಿ. ನನ್ನ ಕಾಲೇಜು ಫೀಸು ಕಟ್ಟಿದ್ದೂ ಅಡಿಕೆ ದುಡ್ಡೇ. ತೋಟ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ. ಕಡಿದು ಏನು ಬೆಳೆಯಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ. ದೇವರ ಮುಂದೆ ಇಡಿ, ಬಂದವರಿಗೆ ತಾಂಬೂಲ ಕೊಡಿ. ಆದರೆ ಮದುವೆಮನೆಯಲ್ಲಿ ಪಂಕ್ತಿ ಎದ್ದ ಮೇಲೆ ಪುಟ್ಟ ಮಕ್ಕಳ ಕೈಗೂ ಸ್ವೀಟ್ ಬೀಡಾ ಕೊಡುತ್ತೇವಲ್ಲ, ಗೂಡಂಗಡಿಯಲ್ಲಿ ಚಿಲ್ಲರೆ ಬದಲು ಸಿಹಿ ಸುಪಾರಿ ಪ್ಯಾಕೆಟ್ ಇಸಕೊಂಡು ಬರುತ್ತೇವಲ್ಲ, ಅದು ಬೇಡ. ಮಕ್ಕಳಿಗೆ ಸೋಂಪು, ಕಲ್ಲುಸಕ್ಕರೆ ಸಾಕು.