ನೋಡದೆ ಆರಿಸುವ ವಿದ್ಯೆ

ಒಂದು ಪಂದ್ಯವನ್ನು ನೋಡಿ, ಅದರಲ್ಲಿ ಯಾರು ಚೆನ್ನಾಗಿ ಆಡಿದರು ಎಂದು ಹೇಳುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಕಾಗಿಲ್ಲ. ಕಣ್ಣಿದ್ದು, ಮಧ್ಯಾಹ್ನ ಬಿಡುವಿದ್ದರೆ ಸಾಕು. ನೋಡದೆಯೇ ಹೇಳುವುದು ವಿದ್ಯೆ. ಈ ವಿದ್ಯೆಯಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕ ಏರಿದ ಎತ್ತರವನ್ನು ಬೇರೆ ಯಾವ ದೇಶವೂ ಏರಿದಂತೆ ಕಾಣುವುದಿಲ್ಲ. ಅಲ್ಲಿನ ಕಾಲೇಜು ಫುಟ್‌ಬಾಲ್ ಋತು ಮುಗಿಯುವ ಹೊತ್ತಿಗೆ, ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಿನಲ್ಲಿ, ಸುದ್ದಿಸಂಸ್ಥೆಗಳು, ವಾರಪತ್ರಿಕೆಗಳು, ಕೋಚ್‌ಗಳ ಸಂಘ, ಕ್ರೀಡಾ ಬರಹಗಾರರ ಸಂಘ ಎಲ್ಲವೂ ಒಂದೊಂದು ‘ಆಲ್-ಅಮೆರಿಕ’ ತಂಡವನ್ನು ಘೋಷಿಸುತ್ತಿದ್ದವು. ಇಡೀ ದೇಶದ ಕಾಲೇಜುಗಳನ್ನು ಜರಡಿ ಹಿಡಿದು ತೆಗೆದ ಹನ್ನೊಂದು ಮಂದಿ ಅತ್ಯುತ್ತಮರ ತಂಡವದು. ಈ ಹನ್ನೊಂದು ಮಂದಿ ಒಂದೇ ತಂಡವಾಗಿ ಮೈದಾನಕ್ಕೆ ಇಳಿಯಬೇಕಾಗಿಲ್ಲವಾದ್ದರಿಂದ ಅವರು ಸೋಲುವ ಸಂಭವವೂ ಇರಲಿಲ್ಲ, ಆರಿಸಿದವರ ತೀರ್ಪು ತಪ್ಪೆಂದು ಸಾಬೀತಾಗುವ ಅಪಾಯವೂ ಇರಲಿಲ್ಲ. ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಇದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ಉಳಿದವರು ಅಟ್ಟಿಸಿಕೊಂಡು ಹೋಗಿ ಕೆಡವುವ ಆಟ.

ಪರಂಪರೆಯ ಆರಂಭವೇ ಭವ್ಯವಾಗಿತ್ತು. 1889ರಲ್ಲಿ ಮೊದಲ ಆಲ್-ಅಮೆರಿಕ ತಂಡ ಅಚ್ಚಾದಾಗ ಅದರಲ್ಲಿದ್ದ ಹನ್ನೊಂದು ಮಂದಿಯೂ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ಎಂಬ ಮೂರೇ ವಿದ್ಯಾಲಯಗಳಿಗೆ ಸೇರಿದವರಾಗಿದ್ದರು. ಅಟ್ಲಾಂಟಿಕ್ ಸಾಗರದಿಂದ ಪೆಸಿಫಿಕ್ ಸಾಗರದವರೆಗೆ ಹಬ್ಬಿದ ದೇಶವೊಂದು ರೈಲಿನಲ್ಲಿ ಒಂದು ಹಗಲಿನೊಳಗೆ ಸುತ್ತಿ ಬರಬಹುದಾದಷ್ಟು ಜಾಗದೊಳಗೆ ಅಡಕವಾಗಿ ಕುಳಿತ ಈ ಪವಾಡವನ್ನು ನೆರವೇರಿಸಿದವರು ಪತ್ರಕರ್ತ ಕ್ಯಾಸ್ಪರ್ ವಿಟ್ನಿ ಮತ್ತು ಯೇಲ್‌ನ ಹಳೆಯ ಆಟಗಾರ ವಾಲ್ಟರ್ ಕ್ಯಾಂಪ್. ಯೇಲ್‌ನವರು ಆರಿಸಿದ ತಂಡದಲ್ಲಿ ಯೇಲ್‌ನವರು ಇರುವುದರಲ್ಲಿ ತಪ್ಪು ಹುಡುಕುವವರು ಸಣ್ಣ ಮನಸ್ಸಿನವರು. ಮುಂದೆ ಕ್ಯಾಂಪ್ ತಮ್ಮ ತಂಡಗಳನ್ನು ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದರು. 1925ರಲ್ಲಿ ಅವರು ತೀರಿಕೊಂಡ ಮೇಲೆ ಪಟ್ಟ ಗ್ರಾಂಟ್‌ಲ್ಯಾಂಡ್ ರೈಸ್ ಎಂಬ ಪ್ರಸಿದ್ಧ ಅಂಕಣಕಾರರಿಗೆ ಹೋಯಿತು. ಒಬ್ಬ ಮನುಷ್ಯನಿಗೆ ಶನಿವಾರ ಎಂಬುದು ವಾರಕ್ಕೆ ಒಂದೇ ಬರುತ್ತದೆ. ಆಗ ಕಾಲೇಜು ಪಂದ್ಯಗಳೆಲ್ಲ ನಡೆಯುತ್ತಿದ್ದುದು ಆ ಒಂದು ಶನಿವಾರ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಇಷ್ಟರ ಮೇಲೂ ರೈಸ್ ಎರಡು ದಶಕ ದೇಶಕ್ಕೆಲ್ಲ ಶ್ರೇಷ್ಠರನ್ನು ಒದಗಿಸಿದರು ಎಂದರೆ ಅವರ ಸಾಮರ್ಥ್ಯವನ್ನು ನಾವು ಊಹಿಸಿಕೊಳ್ಳಬೇಕು.

1948ರಿಂದ ಕಾಲಿಯರ್ಸ್ ಈ ಕೆಲಸವನ್ನು ಕೋಚ್‌ಗಳ ಸಂಘಕ್ಕೆ ವಹಿಸಿತು. ಬರಹಗಾರನಿಗಿಂತ ಕೋಚ್‌ಗೆ ಆಟ ಹೆಚ್ಚು ಗೊತ್ತು ಎಂಬುದು ಇದರ ಹಿಂದಿನ ತರ್ಕ, ಮತ್ತು ಆ ತರ್ಕ ನಿಜವೇ. ಆದರೆ ಕೋಚ್ ಎಂಬವನು ಶನಿವಾರ ಮಧ್ಯಾಹ್ನ ತನ್ನ ತಂಡದ ಅಂಚಿನಲ್ಲಿ ನಿಂತು ಕಿರುಚುತ್ತಿರುತ್ತಾನೆ. ಒಂದು ಋತುವಿನಲ್ಲಿ ಅವನು ಕಣ್ಣಾರೆ ಕಾಣುವುದು ತನ್ನ ಹುಡುಗರನ್ನು ಮತ್ತು ತನ್ನೆದುರು ಆಡಿದ ಒಂಬತ್ತೋ ಹತ್ತೋ ತಂಡಗಳನ್ನು. ಒರೆಗಾನ್‌ನ ಕೋಚ್‌ಗೆ ಜಾರ್ಜಿಯದ ಗಾರ್ಡ್ ಸ್ಥಾನದ ಆಟಗಾರನೊಬ್ಬನ ಗುಣ ತಿಳಿಯಬೇಕಾದರೆ ಪತ್ರಿಕೆ ಓದಬೇಕು. ಪತ್ರಿಕೆಯಲ್ಲಿ ಬರೆದವನು ತಾನೂ ನೋಡದಿದ್ದರೆ, ಅವನು ಕಾಲೇಜಿನ ಪ್ರಚಾರಾಧಿಕಾರಿ ಕಳಿಸಿದ ಹೇಳಿಕೆ ಓದಬೇಕು. ಪ್ರಚಾರಾಧಿಕಾರಿ ಮಾತ್ರ ಎಲ್ಲವನ್ನೂ ನೋಡಿರುತ್ತಾನೆ, ಮತ್ತು ಅವನ ಸಂಬಳ ಬರುವುದು ಅದೇ ಕಾಲೇಜಿನಿಂದ. ಸೆಂಟ್ರಲ್ ಪ್ರೆಸ್ ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಂಡಗಳ ಕ್ಯಾಪ್ಟನ್‌ಗಳಿಂದಲೇ ಮತ ಪಡೆಯುತ್ತಿತ್ತು. ಕೋಚ್‌ಗೆ ಅಂಚಿನಲ್ಲಿ ನಿಂತಾದರೂ ಕಾಣುತ್ತಿದ್ದ ಆಟ, ರಾಶಿಬಿದ್ದ ದೇಹಗಳ ಅಡಿಯಲ್ಲಿ ಸಿಕ್ಕಿಕೊಂಡ ಕ್ಯಾಪ್ಟನ್‌ಗೆ ಎಷ್ಟರಮಟ್ಟಿಗೆ ಕಾಣುತ್ತಿತ್ತೆಂದು ಯಾರೂ ಕೇಳಲಿಲ್ಲ.

ದೂರದರ್ಶನ ಬಂದಾಗ ಈ ವಿದ್ಯೆಗೆ ಕುತ್ತು ಬರುವ ಸಾಧ್ಯತೆ ಇತ್ತು. ಮನೆಯಲ್ಲಿ ಕುಳಿತೇ ನಾಲ್ಕಾರು ಪಂದ್ಯಗಳನ್ನು ನೋಡಿಬಿಟ್ಟರೆ ಮತದಾರನ ಅಭಿಪ್ರಾಯ ಕಲುಷಿತವಾಗುವುದಿಲ್ಲವೇ? ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಸಿಎಎ ಸಕಾಲಕ್ಕೆ ಎಚ್ಚೆತ್ತು, 1950ರ ದಶಕದ ಆರಂಭದಲ್ಲಿ ಪ್ರಸಾರಕ್ಕೆ ಕಡಿವಾಣ ಹಾಕಿ, ದೇಶಕ್ಕೆಲ್ಲ ವಾರಕ್ಕೊಂದು ಪಂದ್ಯ ಎಂಬ ವ್ಯವಸ್ಥೆ ಮಾಡಿತು. ಕಾರಣ ಮೈದಾನದ ಟಿಕೆಟ್ ಮಾರಾಟ ಕುಸಿಯಬಾರದೆಂಬುದಾಗಿತ್ತು ಎನ್ನುತ್ತಾರೆ. ಫಲವಾಗಿ ಆಯ್ಕೆದಾರರ ನಿರ್ಮಲ ಚಿತ್ತವೂ ಉಳಿಯಿತು.

ಇನ್ನು ಆರಿಸಬೇಕಾದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಮುಂಚೂಣಿಯವರು: ಇಬ್ಬರು ಎಂಡ್, ಇಬ್ಬರು ಟ್ಯಾಕಲ್, ಇಬ್ಬರು ಗಾರ್ಡ್, ಒಬ್ಬ ಸೆಂಟರ್. ಚೆಂಡು ಹಿಡಿದು ಓಡುವ ಬ್ಯಾಕ್‌ಗಳಿಗಾದರೆ ಎಷ್ಟು ಗಜ ಓಡಿದ, ಎಷ್ಟು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ ಸಿಗುವ ಆರು ಅಂಕ) ಗಳಿಸಿದ ಎಂಬ ಲೆಕ್ಕವಿದೆ. ಗಾರ್ಡ್ ಎಂಬವನ ಇಡೀ ಜೀವಮಾನದ ಸಾಧನೆ ಎದುರಿಗಿದ್ದವನನ್ನು ಪಕ್ಕಕ್ಕೆ ತಳ್ಳುವುದು. ಅದನ್ನು ಆ ದಿನಗಳಲ್ಲಿ ಯಾವ ಪುಸ್ತಕದಲ್ಲೂ ಬರೆದಿಡುತ್ತಿರಲಿಲ್ಲ. ಹಾಗಾದರೆ ದೇಶದ ಗಾರ್ಡ್‌ಗಳಲ್ಲಿ ಇಬ್ಬರೇ ಅತ್ಯುತ್ತಮರೆಂದು ತಿಳಿಯುವುದು ಹೇಗೆ? ಕಳೆದ ವರ್ಷ ಹೆಸರು ಅಚ್ಚಾಗಿದ್ದರೆ ಈ ವರ್ಷವೂ ಅಚ್ಚು ಹಾಕುವುದು ಒಂದು ಕ್ರಮ. ಗೆದ್ದ ತಂಡದವನನ್ನು ಹಿಡಿಯುವುದು ಇನ್ನೊಂದು. ಎರಡರಲ್ಲೂ ಮೈದಾನಕ್ಕೆ ಹೋಗುವ ಶ್ರಮವಿಲ್ಲ.

ಆಟದ ನಿಯಮಗಳೂ ಶ್ರೇಷ್ಠತೆಯ ಒಟ್ಟು ಪ್ರಮಾಣವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದವು. ಬೇಕಾದಂತೆ ಆಟಗಾರರನ್ನು ಬದಲಿಸುವ ಅವಕಾಶದಿಂದಾಗಿ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ ಎಂಬ ಪದ್ಧತಿ ಬೆಳೆದು, 1950ರ ದಶಕದ ಮೊದಲ ವರ್ಷಗಳಲ್ಲಿ ಆಯ್ಕೆದಾರರು ಇಪ್ಪತ್ತೆರಡು ಮಂದಿಯನ್ನು ಆರಿಸತೊಡಗಿದ್ದರು. 1953ರಲ್ಲಿ ನಿಯಮ ಸಮಿತಿ ಈ ಪದ್ಧತಿಯನ್ನು ರದ್ದುಗೊಳಿಸಿದಾಗ, ದೇಶದ ಹೆಮ್ಮೆಯಾಗಿದ್ದವರಲ್ಲಿ ಹನ್ನೊಂದು ಸ್ಥಾನಗಳು ಒಂದೇ ಏಟಿಗೆ ಮಾಯವಾದವು. ಮತ್ತೆ 1960ರ ದಶಕದ ನಡುವಿನಲ್ಲಿ ಆ ಪದ್ಧತಿ ಮರಳಿ ಬಂದಾಗ ಅಮೆರಿಕದ ಪ್ರತಿಭೆ ಇದ್ದಕ್ಕಿದ್ದಂತೆ ಇಮ್ಮಡಿಯಾಯಿತು.

ಆಯ್ಕೆಗೆ ಆಟ ಅಡ್ಡಿಯಾಗುತ್ತಿದೆ ಎಂಬುದನ್ನು ಕೊನೆಗೂ ಅರ್ಥಮಾಡಿಕೊಂಡು ಅದನ್ನು ಸಂಪೂರ್ಣವಾಗಿ ನಿವಾರಿಸಿದ ಕೀರ್ತಿ ‘ಪ್ಲೇಬಾಯ್’ ಮಾಸಪತ್ರಿಕೆಗೆ ಸಲ್ಲಬೇಕು. 1957ರಿಂದ ಆ ಪತ್ರಿಕೆ ಋತು ಆರಂಭವಾಗುವ ಮೊದಲೇ, ಒಂದು ಪಂದ್ಯವೂ ನಡೆಯದಿರುವಾಗಲೇ, ತನ್ನ ಆಲ್-ಅಮೆರಿಕ ತಂಡವನ್ನು ಪ್ರಕಟಿಸತೊಡಗಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಇಲ್ಲಿ ಕುಲಾವಿಯ ಅಳತೆಗೆ ಕೂಸು ಬೆಳೆಯಬೇಕಾಗಿತ್ತು. ಇದರಲ್ಲಿ ಒಂದು ಪ್ರಾಮಾಣಿಕತೆಯಿತ್ತೆಂದು ನನಗೆ ಅನಿಸುತ್ತದೆ. ಉಳಿದವರು ಋತು ಮುಗಿದ ಮೇಲೆ ಮಾಡುತ್ತಿದ್ದ ಕೆಲಸವನ್ನೇ ಅವರು ಮೂರು ತಿಂಗಳು ಮೊದಲು, ಕಾಯುವ ನಟನೆಯಿಲ್ಲದೆ ಮಾಡಿದರು.

ವರ್ಷದ ಅತ್ಯುತ್ತಮ ಕಾಲೇಜು ಆಟಗಾರನೆಂದು ಒಬ್ಬನೇ ವ್ಯಕ್ತಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯಲ್ಲೂ ಇದೇ ವಿದ್ಯೆ ಬೆಳಗಿದ್ದುಂಟು. 1956ರಲ್ಲಿ ದೇಶದಲ್ಲೆಲ್ಲ ಹೆಸರುವಾಸಿಯಾಗಿದ್ದ ನೋಟರ್‌ಡೇಮ್ ತಂಡ ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತಿತು. ಆ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಪಾಲ್ ಹಾರ್ನಂಗ್ ಎಸೆದ ಚೆಂಡುಗಳಲ್ಲಿ ಮೂರು ಟಚ್‌ಡೌನ್ ಆದವು, ಹದಿಮೂರು ಎದುರಾಳಿಗಳ ಕೈಗೆ ಸಿಕ್ಕವು. ಪ್ರಶಸ್ತಿ ಅವರಿಗೇ ಬಂದಿತು. ಅದೇ ವರ್ಷ ಒಂದೂ ಪಂದ್ಯ ಸೋಲದ ಒಕ್ಲಹೋಮ ತಂಡದ ಟಾಮಿ ಮೆಕ್‌ಡೊನಾಲ್ಡ್‌ಗೆ ಮೊದಲ ಸ್ಥಾನದ ಮತಗಳು ಹಾರ್ನಂಗ್‌ಗಿಂತ ಹೆಚ್ಚು ಬಂದಿದ್ದವು. ಆದರೆ ಎರಡನೆಯ, ಮೂರನೆಯ ಸ್ಥಾನದ ಮತಗಳನ್ನೂ ಕೂಡಿಸಿದಾಗ ಅವರು ಮೂರನೆಯವರಾದರು. ಸಿರಕ್ಯೂಸ್‌ನ ಜಿಮ್ ಬ್ರೌನ್ ಕಾಲ್ಗೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ ಆರು ಟಚ್‌ಡೌನ್ ಗಳಿಸಿ, ಏಳು ಒದೆತದ ಅಂಕಗಳನ್ನೂ ಸೇರಿಸಿ ಒಟ್ಟು 43 ಅಂಕ ತಂದರು. ಅವರಿಗೆ ಸಿಕ್ಕಿದ್ದು ಐದನೆಯ ಸ್ಥಾನ. ಹಾರ್ನಂಗ್ ಸಾಮಾನ್ಯ ಆಟಗಾರರೇನಲ್ಲ, ಮುಂದೆ ವೃತ್ತಿಪರ ಆಟದಲ್ಲಿ ದೊಡ್ಡ ಹೆಸರು ಮಾಡಿದರು. ಆದರೆ ಸಿರಕ್ಯೂಸ್‌ನವನೊಬ್ಬ 43 ಅಂಕ ಗಳಿಸಿದರೆ ಅದು ಒಂದು ವಾರದ ಸುದ್ದಿ. ನೋಟರ್‌ಡೇಮ್‌ನವನೊಬ್ಬ ಸೋತರೂ ಅದು ಇಡೀ ಋತುವಿನ ಸುದ್ದಿ. ಜಿಮ್ ಬ್ರೌನ್ ಕಪ್ಪುವರ್ಣದವರಾಗಿದ್ದರು ಎಂಬುದಕ್ಕೂ ಆ ಐದನೆಯ ಸ್ಥಾನಕ್ಕೂ ಸಂಬಂಧವಿತ್ತೆಂದು ಮತದಾರರಲ್ಲಿ ಯಾರೂ ಬರೆದು ಸಹಿ ಮಾಡಿಲ್ಲ. 1961ರಲ್ಲಿ ಅದೇ ಸಿರಕ್ಯೂಸ್‌ನ ಎರ್ನಿ ಡೇವಿಸ್‌ಗೆ ಬರುವವರೆಗೆ ಆ ಪ್ರಶಸ್ತಿ ಕಪ್ಪುವರ್ಣದ ಯಾವ ಆಟಗಾರನಿಗೂ ಬಂದಿರಲಿಲ್ಲ ಎಂಬುದಷ್ಟೇ ದಾಖಲೆಯಲ್ಲಿದೆ.

ಅಲಬಾಮ ರಾಜ್ಯದ ಮಾಂಟ್‌ಗೊಮರಿಯಲ್ಲಿ 1939ರಿಂದ ನಡೆಯುತ್ತಿದ್ದ ಬ್ಲೂ-ಗ್ರೇ ಪಂದ್ಯದವರು ಈ ಮಟ್ಟಿಗೆ ನೇರ ಮನುಷ್ಯರು. ಅಂತರ್ಯುದ್ಧದ ಎರಡು ಸೇನೆಗಳ ಸಮವಸ್ತ್ರದ ಬಣ್ಣಗಳನ್ನು ಹೆಸರಾಗಿಟ್ಟುಕೊಂಡು, ಉತ್ತರದ ಮತ್ತು ದಕ್ಷಿಣದ ತಾರಾ ಆಟಗಾರರನ್ನು ಅಲ್ಲಿ ಎದುರುಬದುರು ನಿಲ್ಲಿಸಲಾಗುತ್ತಿತ್ತು. ಯಾವ ಜನರ ಬಿಡುಗಡೆಯ ಪ್ರಶ್ನೆಗಾಗಿ ಆ ಯುದ್ಧ ನಡೆದಿತ್ತೋ ಆ ಜನರಿಗೆ ಮಾತ್ರ ಎರಡೂ ತಂಡಗಳಲ್ಲಿ ಜಾಗವಿರಲಿಲ್ಲ. 1963ರಲ್ಲಿ ಎನ್‌ಬಿಸಿ ವಾಹಿನಿ ಇದೇ ಕಾರಣಕ್ಕೆ ಪ್ರಸಾರವನ್ನು ಕೈಬಿಟ್ಟಿತು. ಅದಾದ ಒಂದೆರಡು ವರ್ಷಗಳಲ್ಲೇ ಸಂಘಟಕರ ಕಣ್ಣಿಗೆ ಕಪ್ಪುವರ್ಣದ ತಾರೆಗಳು ಕಾಣಿಸತೊಡಗಿದರು.

ಆರಿಸುವುದಷ್ಟೇ ಅಲ್ಲ, ಆರಿಸಿದ್ದನ್ನು ಹಿಂದಕ್ಕೆ ಪಡೆಯುವುದೂ ಈ ವಿದ್ಯೆಯ ಭಾಗವಾಗಿತ್ತು. ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿನಲ್ಲಿ ಎಂಡ್ ಸ್ಥಾನದಲ್ಲಿ ಆಡುತ್ತಿದ್ದ ಪಾಲ್ ರೋಬ್ಸನ್ ಅವರನ್ನು 1917 ಮತ್ತು 1918ರಲ್ಲಿ ಆಲ್-ಅಮೆರಿಕ ಎಂದು ಗುರುತಿಸಲಾಗಿತ್ತು, 1918ರಲ್ಲಿ ಗುರುತಿಸಿದವರು ಸ್ವತಃ ವಾಲ್ಟರ್ ಕ್ಯಾಂಪ್. ಮುಂದೆ ಅವರು ಜಗತ್ತಿಗೆಲ್ಲ ಗೊತ್ತಿದ್ದ ಗಾಯಕರೂ ನಟರೂ ಆದರು, ವರ್ಣಭೇದದ ವಿರುದ್ಧ ಮಾತಾಡಿದರು, ಸೋವಿಯತ್ ಒಕ್ಕೂಟದ ಬಗ್ಗೆ ಒಳ್ಳೆಯ ಮಾತನ್ನೂ ಆಡಿದರು. 1950ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟ್ ರದ್ದುಗೊಳಿಸಿತು. ಅದೇ ಸುಮಾರಿಗೆ ಹೊರಬಂದ, ಕಾಲೇಜು ಫುಟ್‌ಬಾಲ್‌ನ ಅತ್ಯಂತ ಸಂಪೂರ್ಣ ದಾಖಲೆ ಎನಿಸಿಕೊಂಡ ಗ್ರಂಥವೊಂದರಲ್ಲಿ ಅವರು ಆಲ್-ಅಮೆರಿಕ ಆಗಿದ್ದುದಿರಲಿ, ರಟ್ಗರ್ಸ್ ತಂಡದಲ್ಲಿ ಆಡಿದ್ದ ಸುಳಿವೂ ಇರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಮೈದಾನದಲ್ಲಿ ಕೆಡವಿದ ಎದುರಾಳಿಗಳನ್ನು ಒಬ್ಬ ಮನುಷ್ಯ ಮೂವತ್ತು ವರ್ಷಗಳ ನಂತರದ ರಾಜಕೀಯ ಅಭಿಪ್ರಾಯದಿಂದಾಗಿ ಕೆಡವದೇ ಇದ್ದಂತಾಯಿತು. ಆ ಎದುರಾಳಿಗಳು ತಾವಾಗಿಯೇ ಮುಗ್ಗರಿಸಿ ಬಿದ್ದಿರಬೇಕು. ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾಗಿದ್ದವು.

ಆಡಿದವನನ್ನು ಹೀಗೆ ಕಳೆದುಕೊಂಡ ಅದೇ ನ್ಯೂಜೆರ್ಸಿ, ಆಡದವನೊಬ್ಬನನ್ನು ಅದಕ್ಕೂ ಮೊದಲೇ ದೇಶಕ್ಕೆ ಕೊಟ್ಟಿತ್ತು. 1941ರ ಶರತ್ಕಾಲದಲ್ಲಿ ವಾಲ್‌ಸ್ಟ್ರೀಟಿನ ಷೇರು ದಲ್ಲಾಳಿ ಮಾರಿಸ್ ನ್ಯೂಬರ್ಗರ್, ಸಣ್ಣ ಸಣ್ಣ ಕಾಲೇಜುಗಳ ಪಂದ್ಯಗಳ ಫಲಿತಾಂಶವೆಲ್ಲ ಪತ್ರಿಕೆಯಲ್ಲಿ ಅಚ್ಚಾಗುವುದನ್ನು ಕಂಡು ಕುತೂಹಲಗೊಂಡು, ‘ಪ್ಲೇನ್‌ಫೀಲ್ಡ್ ಟೀಚರ್ಸ್ ಕಾಲೇಜ್’ ಎಂಬ ಇಲ್ಲದ ಕಾಲೇಜಿನ ಹೆಸರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಫೋನ್ ಮಾಡಿ ಗೆಲುವೊಂದನ್ನು ವರದಿ ಮಾಡಿದರು. ಮರುದಿನ ಅದು ಅಚ್ಚಾಯಿತು. ಮುಂದಿನ ವಾರ ಇನ್ನೊಂದು ಗೆಲುವು. ಜೆರಿ ಕ್ರಾಯ್ಡನ್ ಎಂಬ ಇಲ್ಲದ ಪ್ರಚಾರಾಧಿಕಾರಿಯನ್ನೂ, ಚೀನೀ-ಹವಾಯಿ ಮೂಲದ ಜಾನಿ ಚಂಗ್ ಎಂಬ ಇಲ್ಲದ ಬ್ಯಾಕ್‌ನನ್ನೂ ಅವರು ಹುಟ್ಟಿಸಿದರು. ಈ ಚಂಗ್ ವಿರಾಮದ ವೇಳೆಯಲ್ಲಿ ಅನ್ನ ತಿಂದು ಬಲ ಪಡೆದು ಎದುರಾಳಿಗಳನ್ನು ಚಿಂದಿ ಮಾಡುತ್ತಿದ್ದನಂತೆ. ಅನ್ನ ಉಂಡವನು ಊಟವಾದ ಕೂಡಲೇ ಓಡಬಲ್ಲ ಎಂಬುದನ್ನು ನ್ಯೂಯಾರ್ಕಿನಲ್ಲಿ ನಂಬಿದರು. ನಮ್ಮ ಕಡೆಯ ಒಬ್ಬನೇ ಒಬ್ಬ ಉಪಸಂಪಾದಕ ಅಲ್ಲಿದ್ದಿದ್ದರೆ ಮೋಸ ಮೊದಲ ವಾರವೇ ಬಯಲಾಗುತ್ತಿತ್ತು. ಚಂಗ್‌ನ ಅಂಕಗಳನ್ನು ಪತ್ರಿಕೆಗಳು ಶ್ರದ್ಧೆಯಿಂದ ಕೂಡಿಸುತ್ತಿದ್ದವು. ಸಣ್ಣ ಕಾಲೇಜುಗಳ ಶ್ರೇಷ್ಠರಿಗಾಗಿ ಎಪಿ ಸುದ್ದಿಸಂಸ್ಥೆ 1934ರಿಂದ ‘ಲಿಟ್ಲ್ ಆಲ್-ಅಮೆರಿಕ’ ತಂಡವನ್ನೂ ಆರಿಸುತ್ತಿತ್ತು. ಋತು ಇನ್ನು ಮೂರು ವಾರ ಹೀಗೆಯೇ ಸಾಗಿದ್ದರೆ ಚಂಗ್ ಅದರಲ್ಲಿ ಇರದಿರಲು ನನಗಂತೂ ಯಾವ ಕಾರಣವೂ ತೋರುವುದಿಲ್ಲ. ಉಳಿದ ಅಭ್ಯರ್ಥಿಗಳಂತೆ ಅವನನ್ನೂ ಮತದಾರರು ನೋಡಿರಲಿಲ್ಲ, ಉಳಿದವರಂತೆ ಅವನ ಬಗ್ಗೆಯೂ ಓದಿದ್ದರು.

ಅಷ್ಟರಲ್ಲಿ ‘ಟೈಮ್’ ಪತ್ರಿಕೆಗೂ ಹೆರಾಲ್ಡ್ ಟ್ರಿಬ್ಯೂನ್‌ಗೂ ವಾಸನೆ ಬಡಿಯಿತು. ಸಿಕ್ಕಿಬಿದ್ದ ನ್ಯೂಬರ್ಗರ್ ಕೊನೆಯ ಪ್ರಕಟಣೆಯೊಂದನ್ನು ಹೊರಡಿಸಿ, ಚಂಗ್ ಮತ್ತು ಅವನ ಸಂಗಡಿಗರು ಪರೀಕ್ಷೆಯಲ್ಲಿ ಫೇಲಾಗಿರುವುದರಿಂದ ಅವರನ್ನು ತಂಡದಿಂದ ಕೈಬಿಡಲಾಗಿದೆಯೆಂದೂ, ಉಳಿದ ಪಂದ್ಯಗಳು ರದ್ದಾಗಿವೆಯೆಂದೂ ತಿಳಿಸಿದರು. ಅಲ್ಲಿಯವರೆಗೆ ಕಾಲೇಜು, ಕೋಚ್, ಗೆಲುವು, ಅನ್ನ ಎಲ್ಲವೂ ನಂಬುವಂತೆಯೇ ಇದ್ದವು. ತಾರಾ ಆಟಗಾರನೊಬ್ಬನನ್ನು ಅಂಕ ಸಾಲದೆಂದು ಋತುವಿನ ಮಧ್ಯದಲ್ಲಿ ಮನೆಗೆ ಕಳಿಸಿದ ಕಾಲೇಜೊಂದು ಅಮೆರಿಕದಲ್ಲಿ ಇದೆ ಎಂಬ ಈ ಒಂದು ಮಾತನ್ನು ಮಾತ್ರ ಯಾವ ಸಂಪಾದಕನೂ ನಂಬಿರಲಾರ.